ವಾಸರ್‌ಮನ್ ಪರೀಕ್ಷೆಯಿಂದ ಪೂರಕ ವ್ಯವಸ್ಥೆಯವರೆಗೆ: ಗರ್ಭಿಣಿಯ ರಕ್ತಪರೀಕ್ಷೆಯ ಒಂದು ಚರಿತ್ರೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಾತಾಡಿದ್ದನ್ನು ಸ್ವಲ್ಪ ತಿದ್ದಿ ಇಲ್ಲಿ ಕೊಟ್ಟಿದ್ದೇನೆ. ಮಾತಿನ ಧಾಟಿ ಅಲ್ಲಲ್ಲಿ ಹಾಗೇ ಉಳಿದಿದೆ. ಕೊನೆಯಲ್ಲಿ ಚರ್ಚೆಯ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

 

1. ಒಂದು ಚೀಟಿ

ನಾನು ಮೊಗುಡಂಪಲ್ಲಿ ಕಡೆಯವನು. ಜಹೀರಾಬಾದಿನ ಪಕ್ಕ, ಬೀದರ್ ಗಡಿಗೆ ಹತ್ತಿರ. 1956ಕ್ಕಿಂತ ಮುಂಚೆ ಜಹೀರಾಬಾದ್, ನಾರಾಯಣಖೇಡ್ ತಾಲ್ಲೂಕುಗಳು ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯ ಪುನರ್ವಿಂಗಡಣೆಯಲ್ಲಿ ಇವು ಆಂಧ್ರದ ಕಡೆ ಹೋದವು, ಈಗ ತೆಲಂಗಾಣದಲ್ಲಿವೆ. ನಮ್ಮಂಥ ಮನೆಗಳಲ್ಲಿ ಮಾತು ಮಾತ್ರ ಕನ್ನಡವೇ ಉಳಿಯಿತು. ಇದನ್ನು ಯಾಕೆ ಹೇಳಿದೆ ಅಂದರೆ, ನಾನು ಹೇಳಲಿರುವ ವಿಷಯದಲ್ಲಿ ಭಾಷೆಗೂ ಒಂದು ಪಾತ್ರ ಇದೆ.

1990ರ ದಶಕದಲ್ಲಿ ನಮ್ಮ ಕಾಕಿಗೆ ಮೂರು ಸಲ ಬಸಿರು ನಿಲ್ಲಲಿಲ್ಲ. ಎರಡನೇ ಸಲದ ತಪಾಸಣೆಯಲ್ಲಿ ಒಂದು ಚೀಟಿ ಬಂತು: ವಿಡಿಆರ್‌ಎಲ್, ರಿಯಾಕ್ಟಿವ್. ಚೀಟಿ ಇಂಗ್ಲಿಷಿನಲ್ಲಿ, ಬರೆದವರ ಮಾತು ತೆಲುಗು, ಮನೆಯ ಮಾತು ಕನ್ನಡ. ಈ ಮೂರರ ನಡುವೆ ಉಳಿದ ಅರ್ಥ ಒಂದೇ: ಇವಳಿಗೆ "ಕೆಟ್ಟ ರೋಗ" ಇದೆ. ಕಾಕಾ, ಕಾಕಿ ಇಬ್ಬರಿಗೂ ಪೆನ್ಸಿಲಿನ್ ಇಂಜೆಕ್ಷನ್ ಆಯಿತು. ಖಚಿತಪಡಿಸುವ ಇನ್ನೊಂದು ಪರೀಕ್ಷೆ ಆಗಲಿಲ್ಲ. ಆಮೇಲೂ ಮಗು ಉಳಿಯಲಿಲ್ಲ. ಮನೆಯಲ್ಲಿ ಯಾರು ಯಾರಿಗೆ ಏನಂದರು ಅನ್ನೋದನ್ನು ಇಲ್ಲಿ ಹೇಳೋದಿಲ್ಲ, ನೀವೇ ಊಹಿಸಬಹುದು.

ಸುಮಾರು ಹತ್ತು ವರ್ಷದ ಮೇಲೆ ಕಾಕಿಯ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತು. ಆಗ ಹೈದರಾಬಾದಿನಲ್ಲಿ ನೋಡಿದ ವೈದ್ಯರು ಹಳೆಯ ಕಾಗದಗಳನ್ನೆಲ್ಲ ತಿರುವಿ ಹಾಕಿ, ಹೊಸ ಪರೀಕ್ಷೆ ಬರೆದುಕೊಟ್ಟರು. ಹನ್ನೆರಡು ವಾರ ಬಿಟ್ಟು ಅದನ್ನೇ ಮತ್ತೊಮ್ಮೆ ಮಾಡಿಸಿದರು. ಎರಡೂ ಸಲ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯ ಇತ್ತು. ಸಿಫಿಲಿಸ್‌ನ ಖಚಿತ ಪರೀಕ್ಷೆ ನೆಗೆಟಿವ್ ಬಂತು.

ಇದನ್ನು ಹೇಳಲು ಕಾಕಿಯ ಒಪ್ಪಿಗೆ ಪಡೆದಿದ್ದೇನೆ. ನನ್ನ ಪ್ರಶ್ನೆ ವೈದ್ಯಕೀಯದ್ದಲ್ಲ, ಚರಿತ್ರೆಯದ್ದು. ಆ ಚೀಟಿಯ ಮೇಲೆ ಆ ಪದ ಬಂದದ್ದು ಹೇಗೆ? ಅದರ ಹಿಂದೆ ಎಷ್ಟು ವರ್ಷಗಳ ಕಥೆ ಇದೆ?

2. ರಕ್ತದೊಳಗೆ ಎರಡು ವಸ್ತು

ಕಥೆ ಶುರುವಾಗೋದು 19ನೇ ಶತಮಾನದ ಕೊನೆಯಲ್ಲಿ. ರಕ್ತದ ತಿಳಿ, ಅಂದರೆ ಸೀರಮ್, ತಾನಾಗಿಯೇ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ ಅಂತ 1888ರಲ್ಲಿ ಜಾರ್ಜ್ ನಟಾಲ್ ತೋರಿಸಿದ. ಮರುವರ್ಷ ಹಾನ್ಸ್ ಬುಖ್ನರ್, ಆ ಸೀರಮ್ಮನ್ನು ಸುಮಾರು 55 ಡಿಗ್ರಿಗೆ ಬಿಸಿ ಮಾಡಿದರೆ ಆ ಶಕ್ತಿ ಹೋಗಿಬಿಡುತ್ತದೆ ಅಂತ ಕಂಡುಕೊಂಡು, ಹೋಗುವ ವಸ್ತುವಿಗೆ ಅಲೆಕ್ಸಿನ್ ಎಂದು ಹೆಸರಿಟ್ಟ. 1895ರ ಹೊತ್ತಿಗೆ ಪ್ಯಾರಿಸಿನ ಪ್ಯಾಶ್ಚರ್ ಸಂಸ್ಥೆಯಲ್ಲಿದ್ದ ಬೆಲ್ಜಿಯಂನ ಜೂಲ್ಸ್ ಬೋರ್ಡೆ ಇಲ್ಲಿ ಎರಡು ವಸ್ತು ಇವೆ ಅಂತ ಬಿಡಿಸಿ ಹೇಳಿದ. ಒಂದು, ಬಿಸಿ ತಡೆಯುವ ಪ್ರತಿಕಾಯ. ಇನ್ನೊಂದು, ಬಿಸಿಗೆ ಕೆಡುವ ಅಲೆಕ್ಸಿನ್. ಪ್ರತಿಕಾಯ ಗುರುತು ಹಚ್ಚುತ್ತದೆ, ಇನ್ನೊಂದು ಆ ಕೆಲಸವನ್ನು ಪೂರ್ತಿ ಮಾಡುತ್ತದೆ. ಆದ್ದರಿಂದಲೇ 1899ರಲ್ಲಿ ಪಾಲ್ ಎರ್ಲಿಖ್ ಅದನ್ನು ಕಾಂಪ್ಲಿಮೆಂಟ್, ಅಂದರೆ ಪೂರಕ, ಎಂದು ಕರೆದ. ಇನ್ನು ಮುಂದೆ ನಾನೂ ಪೂರಕ ಅಂತಲೇ ಹೇಳ್ತೀನಿ.

ಇವತ್ತಿನ ತಿಳಿವಳಿಕೆ ಪ್ರಕಾರ ಪೂರಕ ಒಂದು ವಸ್ತುವಲ್ಲ, 30ಕ್ಕೂ ಹೆಚ್ಚು ಪ್ರೋಟೀನುಗಳ ಸರಣಿ. ಹೆಚ್ಚಿನವು ತಯಾರಾಗೋದು ಯಕೃತ್ತಿನಲ್ಲಿ. ಒಂದು ಎಚ್ಚೆತ್ತರೆ ಇನ್ನೊಂದನ್ನು ಕತ್ತರಿಸಿ ಎಚ್ಚರಿಸುತ್ತದೆ. ಮೂರು ದಾರಿಗಳಿಂದ ಬಂದರೂ ಎಲ್ಲವೂ ಸಿ3 ಎಂಬ ಪ್ರೋಟೀನಿನ ಹತ್ತಿರ ಕೂಡುತ್ತವೆ. ಅಲ್ಲಿಂದ ಮುಂದೆ ಸಿ5. ಅದರ ಒಂದು ಚೂರು, ಸಿ5ಎ, ಬಿಳಿ ರಕ್ತಕಣಗಳನ್ನು ಕರೆಯುತ್ತದೆ. ಉಳಿದ ಭಾಗ ಇತರ ಪ್ರೋಟೀನುಗಳ ಜೊತೆ ಸೇರಿ ಜೀವಕೋಶದ ಪೊರೆಗೆ ತೂತು ಹಾಕುತ್ತದೆ. ಶತ್ರು ಕೋಶವಾದರೆ ಒಳ್ಳೆಯದೇ. ನಮ್ಮದೇ ಕೋಶವಾದರೆ ಅನಾಹುತ.

3. ಭ್ರೂಣದ ಯಕೃತ್ತಿನಿಂದ ಬಂದ ಪರೀಕ್ಷೆ

1901ರಲ್ಲಿ ಬೋರ್ಡೆ ಮತ್ತು ಒಕ್ಟಾವ್ ಜಾಂಗೂ ಈ ವಸ್ತುವನ್ನು ಒಂದು ಉಪಕರಣ ಮಾಡಿಕೊಂಡರು. ಯುಕ್ತಿ ಸರಳವಾಗಿದೆ. ಪ್ರತಿಕಾಯ ಮತ್ತು ಅದರ ಪ್ರತಿಜನಕ ಕೂಡಿದರೆ, ಅಲ್ಲಿರುವ ಪೂರಕ ಖರ್ಚಾಗುತ್ತದೆ. ಅದು ಖರ್ಚಾಯಿತೋ ಇಲ್ಲವೋ ಅಂತ ತಿಳಿಯೋದಕ್ಕೆ, ಮೊದಲೇ ಪ್ರತಿಕಾಯ ಹಚ್ಚಿಟ್ಟ ಕುರಿಯ ಕೆಂಪು ರಕ್ತಕಣಗಳನ್ನು ಆಮೇಲೆ ಹಾಕಬೇಕು. ಪೂರಕ ಉಳಿದಿದ್ದರೆ ಕಣಗಳು ಒಡೆದು ನೀರು ಕೆಂಪಾಗುತ್ತದೆ. ಖರ್ಚಾಗಿದ್ದರೆ ಕಣಗಳು ಒಡೆಯದೆ ತಳದಲ್ಲಿ ಕೂರುತ್ತವೆ. ಒಡೆಯಲಿಲ್ಲ ಅಂದರೆ ಪಾಸಿಟಿವ್. ಇಲ್ಲಿ ಬಳಸುವ ಪೂರಕ ರೋಗಿಯದ್ದಲ್ಲ, ಗಿನಿಪಿಗ್‌ನ ಸೀರಮ್ಮಿನದ್ದು.

1906ರಲ್ಲಿ ಬರ್ಲಿನ್ನಿನಲ್ಲಿ ಆಗಸ್ಟ್ ಫಾನ್ ವಾಸರ್‌ಮನ್, ಆಲ್ಬರ್ಟ್ ನೈಸರ್, ಕಾರ್ಲ್ ಬ್ರುಕ್ ಸೇರಿ ಇದೇ ಯುಕ್ತಿಯನ್ನು ಸಿಫಿಲಿಸ್‌ಗೆ ಹೊಂದಿಸಿದರು. ಅವರಿಗೆ ಪ್ರತಿಜನಕ ಬೇಕಿತ್ತು. ಆ ರೋಗಾಣುವನ್ನು ಪ್ರಯೋಗಾಲಯದಲ್ಲಿ ಬೆಳೆಸೋದಕ್ಕೆ ಬರುತ್ತಿರಲಿಲ್ಲ. ಹಾಗಾಗಿ ಅವರು ಬಳಸಿದ್ದು ಸಿಫಿಲಿಸ್ ತಗುಲಿ ಸತ್ತ ಭ್ರೂಣಗಳ ಯಕೃತ್ತಿನ ಸಾರ. ಇದನ್ನು ಗಮನಿಸಬೇಕು. ಪೂರಕ ಮತ್ತು ಗರ್ಭನಷ್ಟ, ಎರಡೂ ಒಂದೇ ಗಾಜಿನ ಕೊಳವೆಯಲ್ಲಿ ಮೊದಲು ಕೂಡಿದ್ದು ಹೀಗೆ. ಆದರೆ ಪೂರಕ ಅಲ್ಲಿ ಇದ್ದದ್ದು ಬರೀ ಅಳೆಯುವ ಸಾಮಗ್ರಿಯಾಗಿ. ಆ ಭ್ರೂಣಕ್ಕೂ ಅದಕ್ಕೂ ಏನಾದರೂ ಸಂಬಂಧ ಇರಬಹುದು ಅಂತ ಯಾರೂ ಕೇಳಲಿಲ್ಲ.

1907ರಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ಮತ್ತವನ ಸಂಗಡಿಗರು ಒಂದು ಮುಜುಗರದ ವಿಷಯ ತೋರಿಸಿದರು. ರೋಗ ತಗುಲಿದ ಅಂಗವೇ ಬೇಕಂತಿಲ್ಲ, ಆರೋಗ್ಯವಂತ ಅಂಗಾಂಶದ ಮದ್ಯಸಾರದ ಕಷಾಯದಿಂದಲೂ ಪರೀಕ್ಷೆ ಕೆಲಸ ಮಾಡುತ್ತದೆ! ಅಂದರೆ ಪರೀಕ್ಷೆ ಹಿಡಿಯುತ್ತಿದ್ದದ್ದು ರೋಗಾಣುವನ್ನಲ್ಲ, ನಮ್ಮದೇ ದೇಹದ ಒಂದು ಕೊಬ್ಬಿನ ವಿರುದ್ಧ ಹುಟ್ಟಿದ ಪ್ರತಿಕಾಯವನ್ನು. ಸಿಫಿಲಿಸ್ ಇದ್ದವರಲ್ಲಿ ಆ ಪ್ರತಿಕಾಯ ಸಾಮಾನ್ಯ, ಅಷ್ಟೇ. ಆದರೂ ಪರೀಕ್ಷೆ ಜಗತ್ತಿನ ತುಂಬ ಹಬ್ಬಿತು. ನಮ್ಮ ದೇಶದಲ್ಲೂ ಕಲ್ಕತ್ತದಲ್ಲಿ ಇಂಪೀರಿಯಲ್ ಸೀರಾಲಜಿಸ್ಟ್ ಎಂಬ ಸರ್ಕಾರಿ ಹುದ್ದೆಯೇ ಇತ್ತು. ಚರಿತ್ರೆಯ ವಿದ್ಯಾರ್ಥಿಗಳಿಗೆ ಲುಡ್ವಿಕ್ ಫ್ಲೆಕ್ ಗೊತ್ತಿರಬಹುದು. ವೈಜ್ಞಾನಿಕ ಸತ್ಯ ಅನ್ನೋದು ಒಂದು ಸಮುದಾಯದ ಚಿಂತನೆಯೊಳಗೆ ಹೇಗೆ ರೂಪುಗೊಳ್ಳುತ್ತದೆ ಅಂತ 1935ರ ತನ್ನ ಪುಸ್ತಕದಲ್ಲಿ ಅವನು ತೋರಿಸಿದ್ದು ಇದೇ ವಾಸರ್‌ಮನ್ ಪರೀಕ್ಷೆಯ ಉದಾಹರಣೆಯಿಂದ.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಗರ್ಭಿಣಿಯರಿಗೆ ಸಿಫಿಲಿಸ್ ತಪಾಸಣೆ ಮಾಡಿದ್ದು ತಪ್ಪಲ್ಲ. ಚಿಕಿತ್ಸೆ ಆಗದ ಸಿಫಿಲಿಸ್ ಹೊಟ್ಟೆಯಲ್ಲೇ ಮಗುವನ್ನು ಕೊಲ್ಲಬಲ್ಲದು, ಪೆನ್ಸಿಲಿನ್ ಅದನ್ನು ತಡೆಯುತ್ತದೆ. ಆ ಪರೀಕ್ಷೆಯಿಂದ ಉಳಿದ ಮಕ್ಕಳು ಬಹಳ. ನನ್ನ ತಕರಾರು ಪರೀಕ್ಷೆಯ ಮೇಲಲ್ಲ. ಒಂದೇ ಚೀಟಿಯನ್ನು ತೀರ್ಪು ಅಂತ ಓದಿದ್ದರ ಮೇಲೆ.

4. "ಸುಳ್ಳು" ಅಂತ ಬದಿಗಿಟ್ಟದ್ದು

1941ರಲ್ಲಿ ಅಮೆರಿಕದ ಮೇರಿ ಪ್ಯಾಂಗ್‌ಬರ್ನ್ ದನದ ಹೃದಯದಿಂದ ಆ ಕೊಬ್ಬನ್ನು ಶುದ್ಧವಾಗಿ ತೆಗೆದರು. ಹೃದಯದಿಂದ ಬಂದದ್ದಕ್ಕೆ ಅದರ ಹೆಸರು ಕಾರ್ಡಿಯೋಲಿಪಿನ್. 1946ರಲ್ಲಿ ಅದನ್ನೇ ಬಳಸಿ ವಿಡಿಆರ್‌ಎಲ್ ಪರೀಕ್ಷೆ ಬಂತು. ಇದರಲ್ಲಿ ಕುರಿಯ ರಕ್ತಕಣವೂ ಬೇಡ, ಗಿನಿಪಿಗ್‌ನ ಪೂರಕವೂ ಬೇಡ. ಕಾರ್ಡಿಯೋಲಿಪಿನ್ ಕಣಗಳು ಗಂಟುಗಟ್ಟಿದರೆ ರಿಯಾಕ್ಟಿವ್. ಪೂರಕ ಪರೀಕ್ಷೆಯಿಂದ ಹೊರಗೆ ಹೋಯಿತು, ಕಾರ್ಡಿಯೋಲಿಪಿನ್ ಉಳಿಯಿತು. ಅದರ ಜೊತೆ ಹಳೆಯ ತೊಡಕೂ ಉಳಿಯಿತು.

ತೊಡಕು ಅಂದರೆ ಫಾಲ್ಸ್ ಪಾಸಿಟಿವ್. ಮಲೇರಿಯಾ, ಕುಷ್ಠ, ಕೆಲವು ವೈರಲ್ ಜ್ವರಗಳಲ್ಲಿ, ಒಮ್ಮೊಮ್ಮೆ ಬಸಿರಿನಲ್ಲೇ, ಸಿಫಿಲಿಸ್ ಇಲ್ಲದೆಯೂ ಈ ಪರೀಕ್ಷೆ ರಿಯಾಕ್ಟಿವ್ ಬರುತ್ತದೆ. ಹೆಚ್ಚಿನವು ಕೆಲವು ತಿಂಗಳಲ್ಲಿ ಹೋಗುತ್ತವೆ. ಕೆಲವರಲ್ಲಿ ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ. 1952ರಲ್ಲಿ ಮೂರ್ ಮತ್ತು ಮೋರ್ ಎಂಬ ಅಮೆರಿಕದ ವೈದ್ಯರು ಹೀಗೆ ಉಳಿದವರನ್ನು ಹಿಂಬಾಲಿಸಿ ನೋಡಿದಾಗ, ಅವರಲ್ಲಿ ಹಲವರಿಗೆ ಲೂಪಸ್‌ನಂಥ ಸ್ವಪ್ರತಿರಕ್ಷಣಾ ಕಾಯಿಲೆಗಳು ಕಂಡವು. 1957ರಲ್ಲಿ ಸ್ವೀಡನ್ನಿನ ಲಾರೆಲ್ ಮತ್ತು ನಿಲ್ಸನ್, ಇಂಥ ಸುಳ್ಳು ಪಾಸಿಟಿವ್‌ಗೂ ರಕ್ತ ಹೆಪ್ಪುಗಟ್ಟುವುದನ್ನು ಕೊಳವೆಯಲ್ಲಿ ತಡೆಯುವ ಒಂದು ವಸ್ತುವಿಗೂ ನಂಟಿದೆ ಅಂದರು. ಅವರು ವಿವರಿಸಿದವರಲ್ಲಿ ಮತ್ತೆ ಮತ್ತೆ ಗರ್ಭ ಕಳೆದುಕೊಂಡ ಹೆಂಗಸೂ ಇದ್ದಳು. 1983ರಲ್ಲಿ ಲಂಡನ್ನಿನಲ್ಲಿ ನೈಜೆಲ್ ಹ್ಯಾರಿಸ್, ಘರಾವಿ, ಗ್ರಹಾಂ ಹ್ಯೂಸ್ ಸೇರಿ ಕಾರ್ಡಿಯೋಲಿಪಿನ್ ಪ್ರತಿಕಾಯವನ್ನು ನೇರವಾಗಿ ಅಳೆಯುವ ಸೂಕ್ಷ್ಮ ವಿಧಾನ ತಂದರು. ರಕ್ತನಾಳಗಳಲ್ಲಿ ಹೆಪ್ಪು, ಪದೇ ಪದೇ ಗರ್ಭನಷ್ಟ, ರಕ್ತದಲ್ಲಿ ಈ ಪ್ರತಿಕಾಯ, ಇವು ಸೇರಿ ಒಂದೇ ಕಾಯಿಲೆ ಆಯಿತು: ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್.

ಅಂದರೆ 1906ರಿಂದ 1983ರವರೆಗೆ, ಸಿಫಿಲಿಸ್ ಹುಡುಕುವವರಿಗೆ ಇದು ಪರೀಕ್ಷೆಯ ದೋಷ. ಅವರು ಕೇಳಿದ ಪ್ರಶ್ನೆಗೆ ಅದು ಸುಳ್ಳು ಉತ್ತರವೇ ಹೌದು. ಆದರೆ ಆ ಹೆಂಗಸಿನ ರಕ್ತದಲ್ಲಿ ಆ ಪ್ರತಿಕಾಯ ಇದ್ದದ್ದು ಸುಳ್ಳಲ್ಲ.

5. ಮೆಡವಾರ್ ಕೇಳಿದ ಪ್ರಶ್ನೆ

ಈಗ ಸ್ವಲ್ಪ ಹಿಂದಕ್ಕೆ ಹೋಗಿ ಇನ್ನೊಂದು ಎಳೆ ಹಿಡಿಯೋಣ. 1953ರಲ್ಲಿ ಪೀಟರ್ ಮೆಡವಾರ್ ಒಂದು ಪ್ರಶ್ನೆ ಇಟ್ಟರು. ಮಗುವಿನಲ್ಲಿ ಅರ್ಧ ತಂದೆಯ ಅಂಶ. ಬೇರೆಯವರ ಚರ್ಮ ಕಸಿ ಮಾಡಿದರೆ ದೇಹ ತಳ್ಳಿಹಾಕುತ್ತದೆ. ಹಾಗಿದ್ದರೆ ಒಂಬತ್ತು ತಿಂಗಳು ಮಗುವನ್ನು ಹೇಗೆ ತಡೆದುಕೊಳ್ಳುತ್ತದೆ? ಅವರು ಮೂರು ಸಾಧ್ಯತೆ ಕೊಟ್ಟರು: ತಾಯಿ-ಮಗುವಿನ ನಡುವೆ ಗೋಡೆ ಇದೆ, ಅಥವಾ ಭ್ರೂಣದ ಗುರುತುಗಳು ಇನ್ನೂ ಬಲಿತಿಲ್ಲ, ಅಥವಾ ತಾಯಿಯ ರೋಗನಿರೋಧಕ ಶಕ್ತಿ ಮಂಕಾಗಿದೆ.

ಈ ಮೂರನೆಯ ಮಾತು ಪೂರಕದ ವಿಷಯದಲ್ಲಂತೂ ನಿಲ್ಲಲಿಲ್ಲ. ಬಸಿರಿನಲ್ಲಿ ತಾಯಿಯ ರಕ್ತದಲ್ಲಿ ಸಿ3, ಸಿ4 ಪ್ರಮಾಣ ಕಡಿಮೆಯಾಗೋದಿಲ್ಲ, ಏರುತ್ತದೆ. ಅದಕ್ಕೇ ಲೂಪಸ್ ಇರುವ ಗರ್ಭಿಣಿಯಲ್ಲಿ ಸಿ3 "ನಾರ್ಮಲ್" ಅಂತ ಬಂದರೂ ವೈದ್ಯರು ಎಚ್ಚರದಿಂದ ಓದಬೇಕಾಗುತ್ತದೆ. ಇಷ್ಟು ಚೂಪಾದ ಆಯುಧ ತುಂಬಿದ ರಕ್ತ ಮಾಸಿನ ಮೇಲೆ ನೇರವಾಗಿ ಹರಿಯುತ್ತದೆ. ಹಾಗಾದರೆ ಮಾಸು ಒಡೆದುಹೋಗೋದಿಲ್ಲ ಯಾಕೆ?

ಉತ್ತರ: ಮಾಸಿನ ಹೊರಕೋಶಗಳ ಮೇಲೆ ಕಾವಲು ಪ್ರೋಟೀನುಗಳಿವೆ. ಸಿಡಿ46, ಸಿಡಿ55 ಎಂಬುವು ಪೂರಕದ ಸರಣಿಯನ್ನು ಸಿ3ರ ಹತ್ತಿರವೇ ತಡೆಯುತ್ತವೆ, ಸಿಡಿ59 ಕೊನೆಯ ತೂತು ಬೀಳದಂತೆ ನೋಡಿಕೊಳ್ಳುತ್ತದೆ. ಹಾಗಂತ ಪೂರಕ ಬರೀ ವೈರಿಯೂ ಅಲ್ಲ. ಸರಣಿಯ ಮೊದಲ ಪ್ರೋಟೀನಾದ ಸಿ1ಕ್ಯೂ, ಮಾಸಿನ ಕೋಶಗಳು ಗರ್ಭಕೋಶದ ಗೋಡೆಯೊಳಗೆ ಇಳಿದು ಅಲ್ಲಿನ ರಕ್ತನಾಳಗಳನ್ನು ಅಗಲ ಮಾಡೋದಕ್ಕೆ ನೆರವಾಗುತ್ತದೆ. ಸಿ1ಕ್ಯೂ ಇಲ್ಲದ ಇಲಿಗಳ ಬಸಿರಿನಲ್ಲಿ ರಕ್ತದೊತ್ತಡ ಏರುವಂಥ, ಪ್ರೀಎಕ್ಲಾಂಪ್ಸಿಯಾ ಹೋಲುವ ಲಕ್ಷಣ ಕಂಡಿವೆ. ಪೂರಕ ಬೇಕು, ಕಡಿವಾಣವೂ ಬೇಕು.

6. ಎರಡು ಎಳೆ ಕೂಡಿದ್ದು

2000ದಲ್ಲಿ ಅಮೆರಿಕದ ಒಂದು ತಂಡ, ಇಲಿಗಳಲ್ಲಿ ಸಿಡಿ46, ಸಿಡಿ55ರಂತೆ ಕೆಲಸ ಮಾಡುವ ಕ್ರೈ ಎಂಬ ಕಾವಲು ಪ್ರೋಟೀನನ್ನು ತೆಗೆದುಹಾಕಿತು. ಭ್ರೂಣಗಳು ಹೊಟ್ಟೆಯಲ್ಲೇ ಸತ್ತವು, ಅವುಗಳ ಮೇಲೆ ಸಿ3 ಕೂತಿತ್ತು. ಅದೇ ಇಲಿಗಳಲ್ಲಿ ಸಿ3ಯನ್ನೂ ತೆಗೆದಾಗ ಭ್ರೂಣಗಳು ಬದುಕಿದವು. ಕಡಿವಾಣ ತಪ್ಪಿದರೆ ಪೂರಕವೇ ಭ್ರೂಣವನ್ನು ಕೊಲ್ಲಬಲ್ಲದು ಅನ್ನೋದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಆಮೇಲೆ 2002, 2003ರಲ್ಲಿ ಗಿಲ್ಲೆರ್ಮಿನಾ ಜಿರಾರ್ಡಿ, ಜೇನ್ ಸಾಲ್ಮನ್, ಮೈಕಲ್ ಹೋಲರ್ಸ್ ಮತ್ತವರ ಸಂಗಡಿಗರು ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಇದ್ದ ಹೆಂಗಸರ ಪ್ರತಿಕಾಯಗಳನ್ನು ಬಸುರಿ ಇಲಿಗಳಿಗೆ ಕೊಟ್ಟರು. ಭ್ರೂಣಗಳು ನಷ್ಟವಾದವು. ಪೂರಕವನ್ನು ಸಿ3ರ ಹತ್ತಿರ ತಡೆದಾಗ, ಅಥವಾ ಸಿ5ಎ ಕರೆಯನ್ನು ತಡೆದಾಗ, ಭ್ರೂಣಗಳು ಉಳಿದವು. 2004ರ ಪ್ರಯೋಗ ಇನ್ನೂ ಕುತೂಹಲದ್ದು. ಈ ಕಾಯಿಲೆಗೆ ಹೆಪಾರಿನ್ ಕೊಡೋದು ರೂಢಿ. 1997ರಲ್ಲೇ ಲಂಡನ್ನಿನ ಒಂದು ಅಧ್ಯಯನದಲ್ಲಿ, ಇಂಥ 90 ಹೆಂಗಸರ ಪೈಕಿ ಆಸ್ಪಿರಿನ್ ಒಂದನ್ನೇ ಪಡೆದವರಲ್ಲಿ ಶೇ. 42, ಆಸ್ಪಿರಿನ್ ಜೊತೆ ಹೆಪಾರಿನ್ ಪಡೆದವರಲ್ಲಿ ಶೇ. 71 ಮಂದಿಗೆ ಜೀವಂತ ಮಗು ಹುಟ್ಟಿತ್ತು. ರಕ್ತ ತೆಳು ಮಾಡಿದ್ದರಿಂದ ಹಾಗಾಯಿತು ಅಂತ ಎಲ್ಲರೂ ತಿಳಿದಿದ್ದರು. ಆದರೆ ಇಲಿಗಳಲ್ಲಿ, ಹೆಪ್ಪು ತಡೆಯುವ ಬೇರೆ ಎರಡು ಔಷಧಿ ಕೊಟ್ಟರೂ ಭ್ರೂಣ ಉಳಿಯಲಿಲ್ಲ. ಹೆಪಾರಿನ್ ಕೊಟ್ಟರೆ ಮಾತ್ರ ಉಳಿಯಿತು, ಯಾಕಂದರೆ ಹೆಪಾರಿನ್ ಪೂರಕವನ್ನೂ ತಡೆಯುತ್ತದೆ.

ಒಂದು ಸುತ್ತು ಇಲ್ಲಿಗೆ ಮುಗಿಯಿತು ನೋಡಿ. 1906ರಲ್ಲಿ ಪೂರಕ ಗರ್ಭಿಣಿಯ ರಕ್ತವನ್ನು ಅಳೆಯುವ ಸಾಮಗ್ರಿ. ಅದು ಕೆಲವರ ರಕ್ತದಲ್ಲಿ "ತಪ್ಪು" ಉತ್ತರ ಕೊಟ್ಟಿತು. ಸುಮಾರು ನೂರು ವರ್ಷದ ಮೇಲೆ ಗೊತ್ತಾದದ್ದು: ಕೊಳವೆಯಲ್ಲಿ ಆ ಪ್ರತಿಕಾಯದ ಜೊತೆ ಕೂಡಿ ಖರ್ಚಾಗುತ್ತಿದ್ದ ಪೂರಕ, ಅದೇ ಪ್ರತಿಕಾಯದ ಜೊತೆ ಕೂಡಿ ಮಾಸಿನಲ್ಲೂ ಕೆಲಸ ಮಾಡಬಲ್ಲದು. ಪುರಾವೆ ಮೊದಲ ದಿನದಿಂದಲೂ ಕೊಳವೆಯ ತಳದಲ್ಲೇ ಇತ್ತು.

7. ನಮ್ಮ ಕಡೆಗೆ ಬಂದರೆ

ಪೂರಕವನ್ನು ಸಿ5ರ ಹತ್ತಿರ ತಡೆಯುವ ಎಕುಲಿಝುಮ್ಯಾಬ್ ಎಂಬ ಔಷಧಿಗೆ 2007ರಲ್ಲಿ ಅಮೆರಿಕದಲ್ಲಿ ಒಂದು ರಕ್ತದ ಕಾಯಿಲೆಗಾಗಿ ಮಂಜೂರಾತಿ ಸಿಕ್ಕಿತು. 2013ರಲ್ಲಿ, 26 ವಾರದ ಬಸಿರಿನಲ್ಲಿ ತೀವ್ರ ಪ್ರೀಎಕ್ಲಾಂಪ್ಸಿಯಾ ಮತ್ತು ಹೆಲ್ಪ್ ಸಿಂಡ್ರೋಮ್ ಆದ ಒಬ್ಬ ಹೆಂಗಸಿಗೆ ಇದನ್ನು ಕೊಟ್ಟು ಹೆರಿಗೆಯನ್ನು 17 ದಿನ ಮುಂದೂಡಿದ ವರದಿ ಬಂತು. ಒಬ್ಬರ ವರದಿ ಮಾತ್ರ. ಔಷಧಿಯ ಬೆಲೆ ನಮ್ಮ ಕಡೆಯ ಮನೆಗಳು ಕನಸಿನಲ್ಲೂ ಎಣಿಸಲಾರದ್ದು.

ನಮ್ಮ ಹಳ್ಳಿಗಳಲ್ಲಿ ಇವತ್ತು ಜೀವ ಉಳಿಸೋದು ಬಿ.ಪಿ. ನೋಡೋ ಪಟ್ಟಿ ಮತ್ತು ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್. 33 ದೇಶಗಳ 10,000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಮ್ಯಾಗ್‌ಪೈ ಅಧ್ಯಯನ, ಈ ಇಂಜೆಕ್ಷನ್ ಫಿಟ್ಸ್ ಬರುವ ಅಪಾಯವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸುತ್ತದೆ ಅಂತ 2002ರಲ್ಲಿ ತೋರಿಸಿತು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಕ್ಲಿಪ್ ಎಂಬ ಅಧ್ಯಯನ ನಡೆಯಿತು. ಆರೋಗ್ಯ ಕಾರ್ಯಕರ್ತೆಯರು ಮನೆಗೇ ಹೋಗಿ ಬಿ.ಪಿ. ನೋಡಿ, ಅಪಾಯ ಕಂಡರೆ ಅಲ್ಲೇ ಔಷಧಿ ಕೊಟ್ಟು ಆಸ್ಪತ್ರೆಗೆ ಕಳಿಸುವ ಯೋಜನೆ. 2020ರಲ್ಲಿ ಬಂದ ಫಲಿತಾಂಶದಲ್ಲಿ ಸಾವು-ನೋವಿನ ಒಟ್ಟು ಲೆಕ್ಕ ಗಮನಾರ್ಹವಾಗಿ ಇಳಿದಿರಲಿಲ್ಲ. ಬಾಗಿಲಿಗೆ ಹೋಗಿ ಕಾಯಿಲೆ ಕಂಡುಹಿಡಿದರೆ ಸಾಲದು, ಕಳಿಸಿದ ಆಸ್ಪತ್ರೆಯಲ್ಲೂ ಆರೈಕೆ ಸಿಗಬೇಕು ಅಂತ ನಾನು ಇದನ್ನು ಓದಿಕೊಂಡಿದ್ದೇನೆ.

ಹಾಗಾದರೆ ಪೂರಕದ ಚರಿತ್ರೆ ನಮಗೆ ಯಾಕೆ? ದುಬಾರಿ ಔಷಧಿಗಾಗಿ ಅಲ್ಲ. ಒಂದು ಚೀಟಿ ಓದುವ ರೀತಿಗಾಗಿ. ವಿಡಿಆರ್‌ಎಲ್ ರಿಯಾಕ್ಟಿವ್ ಬಂದರೆ ಟಿಪಿಎಚ್‌ಎ ಥರದ ಖಚಿತ ಪರೀಕ್ಷೆ ಆಗಬೇಕು. ಅದು ನೆಗೆಟಿವ್ ಬಂದು, ಹಿಂದೆ ಗರ್ಭನಷ್ಟಗಳೂ ಆಗಿದ್ದರೆ, ಮುಂದಿನ ಪ್ರಶ್ನೆ ಕೇಳಬೇಕು. ಅದರಿಂದ ಬರುವ ಚಿಕಿತ್ಸೆ, ಆಸ್ಪಿರಿನ್ ಮತ್ತು ಹೆಪಾರಿನ್, ಎಕುಲಿಝುಮ್ಯಾಬ್‌ನಷ್ಟು ದೂರದ್ದಲ್ಲ. ಮತ್ತೆ, ಚೀಟಿಯಲ್ಲಿ ಏನಿದೆ ಅನ್ನೋದನ್ನು ಆ ಹೆಂಗಸಿನ ಭಾಷೆಯಲ್ಲಿ, ಮೊದಲು ಅವಳಿಗೇ ಹೇಳಬೇಕು.

ಚರ್ಚೆಯಿಂದ

ಒಬ್ಬ ಸಹಪಾಠಿಯ ಪ್ರಶ್ನೆ: ಎಲ್ಲ ಗರ್ಭಪಾತಕ್ಕೂ ಪೂರಕವೇ ಕಾರಣ ಅಂತ ಹೇಳ್ತಿದ್ದೀರಾ?

ಇಲ್ಲ. ಮೊದಲ ತಿಂಗಳುಗಳಲ್ಲಿ ಆಗುವ ಬಿಡಿ ಗರ್ಭಪಾತಗಳಲ್ಲಿ ಹೆಚ್ಚಿನವಕ್ಕೆ ಭ್ರೂಣದ ವರ್ಣತಂತುಗಳ ದೋಷ ಕಾರಣ. ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಅನ್ನಬೇಕಾದರೆ ಪ್ರತಿಕಾಯ 12 ವಾರದ ಅಂತರದಲ್ಲಿ ಎರಡು ಸಲ ಕಾಣಬೇಕು, ಜೊತೆಗೆ ಹೆಪ್ಪುಗಟ್ಟಿದ್ದೋ ನಿರ್ದಿಷ್ಟ ರೀತಿಯ ಗರ್ಭನಷ್ಟವೋ ಆಗಿರಬೇಕು. ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯರಲ್ಲೂ ಹಾಗೇ ಅಂತಲೂ ಹೇಳಲಾಗದು. ಆದರೆ ಮನುಷ್ಯರಲ್ಲೂ ಸುಳಿವುಗಳಿವೆ. 2011ರಲ್ಲಿ ಸಾಲ್ಮನ್ ಅವರ ತಂಡ, ಲೂಪಸ್ ಅಥವಾ ಈ ಪ್ರತಿಕಾಯಗಳಿದ್ದು ಪ್ರೀಎಕ್ಲಾಂಪ್ಸಿಯಾ ಆದ 40 ಹೆಂಗಸರಲ್ಲಿ 7 ಮಂದಿಗೆ ಪೂರಕದ ಕಡಿವಾಣ ಹಿಡಿಯುವ ಜೀನುಗಳಲ್ಲಿ ಬದಲಾವಣೆ ಕಂಡಿತು.

ಒಬ್ಬ ಅಧ್ಯಾಪಕಿಯ ಪ್ರಶ್ನೆ: ನಿಮ್ಮ ಕಾಕಿಗೆ ಇದನ್ನೆಲ್ಲ ಹೇಳಿದಾಗ ಅವರು ಏನಂದರು ಮೇಡಂ-ಸರ್‌ಗಳಿಗೆ ಹೇಳಬಹುದಾ?

ಹೇಳಬಹುದು ಮೇಡಂ. ಪೂರ್ತಿ ಕೇಳಿಸಿಕೊಂಡು ಒಂದೇ ಕೇಳಿದಳು: "ಹಂಗಂದ್ರ ಅದು ನನ್ನ ತಪ್ಪಲ್ಲೇನೋ?" ತಪ್ಪಲ್ಲ ಕಾಕಿ ಅಂದೆ. ಸಿಫಿಲಿಸ್ ಇದ್ದಿದ್ದರೂ ತಪ್ಪಲ್ಲ, ಅದೂ ಒಂದು ಕಾಯಿಲೆಯೇ, ಅಂತಲೂ ಅಂದೆ. "ಹಂಗಾದ್ರ ಆ ಮೂರೂ ಇದರಿಂದನೇ ಹೋದ್ವೇನು?" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಗ ಆ ಪ್ರತಿಕಾಯ ಯಾರೂ ನೋಡಲಿಲ್ಲ, ಮಾಸನ್ನು ಯಾರೂ ಪರೀಕ್ಷೆಗೆ ಕಳಿಸಲಿಲ್ಲ. ಹತ್ತು ವರ್ಷದ ಮೇಲಿನ ಕಾಗದದಿಂದ ಹಿಂದಿನ ಮೂರು ಬಸಿರಿನ ಕಾರಣ ಸಾಧಿಸಲು ಆಗೋದಿಲ್ಲ. ಹಾಗಿದ್ದಿರಬಹುದು ಅಂತ ಮಾತ್ರ ಹೇಳಬಹುದು. ಅಷ್ಟನ್ನೇ ಹೇಳಿದೆ. ಅವಳು ಆ ಹಳೆಯ ಚೀಟಿಯನ್ನು ಇನ್ನೂ ಟ್ರಂಕಿನಲ್ಲಿ ಇಟ್ಟಿದ್ದಾಳೆ. ಹರಿದು ಹಾಕು ಅಂದರೆ, "ಇರಲಿ ಬಿಡು, ನೀ ಓದಿದ್ದಿಯಲ್ಲ" ಅಂದಳು.